ದ್ರಾಕ್ಷಿ ಗೊಂಚಲಿನ ಪಕ್ಕದ ತಗ್ಗು

೨೦೨೪ರ ಫೆಬ್ರವರಿ ೭, ಬುಧವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಲಂಡನ್ನಿನ ಹ್ಯಾರೋ ಭಾಗದ ಪೊಲೀಸ್ ಠಾಣೆಯ ಕೌಂಟರಿಗೆ ಮಾಧವ ಎಂಬ ನಲವತ್ತೆಂಟು ವರ್ಷದವರೊಬ್ಬರು ಬಂದು ದೂರು ಕೊಟ್ಟರು. ಅವರ ತಾಯಿ, ನಿವೃತ್ತ ವೈದ್ಯೆ ಡಾಕ್ಟರ್ ಕಲ್ಯಾಣಿ, ಕೆಂಟನ್‌ನಲ್ಲಿದ್ದಾರೆ. ಆ ಮನೆಯ ಊಟದ ಕೋಣೆಯಿಂದ ಹಳೆಯ ಇಂಗ್ಲಿಷ್ ಬೆಳ್ಳಿಯ ದೊಡ್ಡ ಚಮಚವೊಂದು ಕಾಣೆಯಾಗಿದೆ. ಬಡಿಸುವ ಸಾಮಾನಿನ ಐದರಲ್ಲಿ ಅದೊಂದೇ ಹೋಗಿದೆ. ಮಂಗಳವಾರ ಮಧ್ಯಾಹ್ನ ಇತ್ತು, ಬುಧವಾರ ಬೆಳಿಗ್ಗೆ ಇಲ್ಲ. ಬೀಗ ಒಡೆದಿಲ್ಲ.

ಅನುಮಾನ ಯಾರ ಮೇಲೆ ಎಂಬ ಪ್ರಶ್ನೆಗೆ ಮಾಧವ ತಡವರಿಸಲಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಎರಡು ವರ್ಷದಿಂದ ಬರುತ್ತಿರುವ ವೇದವತಿ. ಠಾಣೆಗೆ ಬರುವ ಮುನ್ನವೇ ಅವರು ಅವಳ ಏಜೆನ್ಸಿಗೆ ಇಮೇಲ್ ಕಳಿಸಿದ್ದರು.

ದೂರಿಗೆ ಒಂದು ನಂಬರು ಬಿತ್ತು. ಇಲ್ಲಿ ಅದಕ್ಕೆ ಎಫ್‌ಐಆರ್ ಎನ್ನುವುದಿಲ್ಲ. ಆದರೆ ಸಾರ್ಜೆಂಟ್ ರಜನಿ ಮನಸ್ಸಿನಲ್ಲಿ ಹಾಗೆಯೇ ಅಂದುಕೊಳ್ಳುತ್ತಾಳೆ. ಅವಳ ಅಜ್ಜ ಅಡಿವೆಪ್ಪ ಗದಗಿನಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿದ್ದವನು. ಒಂಬತ್ತು ವರ್ಷದವಳಾಗಿ ಲಂಡನ್ನಿಗೆ ಬರುವ ಮೊದಲು ಅವಳು ಕಲಿತ ದೊಡ್ಡ ಮಾತುಗಳಲ್ಲಿ ‘ಪಂಚನಾಮೆ’ಯೂ ಒಂದು.

ಹನ್ನೊಂದು ಮೂವತ್ತೈದಕ್ಕೆ ರಜನಿ ಮತ್ತು ಕಾನ್ಸ್‌ಟೇಬಲ್ ಓವೆನ್ ಕೆಂಟನ್ ತಲುಪಿದರು. ಬಾಗಿಲು ತೆರೆದ ಕಲ್ಯಾಣಿಯವರಿಗೆ ಎಪ್ಪತ್ತಾರು ವರ್ಷ. ಹಾಲ್‌ನಲ್ಲಿ ರಟ್ಟಿನ ಪೆಟ್ಟಿಗೆಗಳು ಸಾಲಾಗಿದ್ದವು. ಮುಂದಿನ ತಿಂಗಳು ಅವರು ವೆಂಬ್ಲಿಯಲ್ಲಿ ಮಗನ ಮನೆಯ ಹತ್ತಿರದ ಫ್ಲ್ಯಾಟಿಗೆ ಹೋಗುವವರು.

“ಕೂತ್ಕೊಳಮ್ಮ. ಕನ್ನಡದೋಳು ಅಂತ ಮಾಧವ ಹೇಳ್ಲೇ ಇಲ್ಲ. ಯಾವ ಕಡೆ?”

“ಗದಗ ರೀ. ಆಮೇಲೆ ಕೂಡ್ತೀನಿ. ಮೊದಲ ಜಾಗಾ ತೋರಸ್ರಿ.”

ಊಟದ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಕಿಟಕಿಯಾಚೆ ಒದ್ದೆ ಹುಲ್ಲು, ಬೋಳು ಮರ. ಆರು ಕುರ್ಚಿಯ ಮೇಜು. ಗೋಡೆ ಬದಿಯ ಕಪಾಟಿನ ಮೇಲೆ ನೀಲಿ ಮಖಮಲ್ಲಿನ ಒಳಮೈಯ ಮರದ ಪೆಟ್ಟಿಗೆ. ಓವೆನ್ ಕೈಗವಸು ಹಾಕಿಕೊಂಡು ಮುಚ್ಚಳ ಎತ್ತಿದ. ರಜನಿ ಬರೆದುಕೊಂಡಳು: ಸಾಸ್ ಬಡಿಸುವ ಸೌಟು ಒಂದು. ಸಕ್ಕರೆ ಇಕ್ಕಳ ಒಂದು. ಬಳ್ಳಿ ಸುತ್ತಿದ ಹಿಡಿಯ ದ್ರಾಕ್ಷಿ ಕತ್ತರಿ ಒಂದು. ಜಾಲರಿ ಕೊರೆದ, ಮೀನು ಬಡಿಸುವ ಅಗಲ ಅಲಗು ಒಂದು.

“ಮೀನು?” ಎಂದಳು ರಜನಿ.

“ನಾವು ಅದರಲ್ಲಿ ಮೈಸೂರುಪಾಕು ಎತ್ತುತಿದ್ವಿ. ಕೊಂಡು ಹತ್ತು ವರ್ಷ ಆದ್ಮೇಲೆ ಒಬ್ಬ ಇಂಗ್ಲಿಷ್ ಡಾಕ್ಟರು ಊಟಕ್ಕೆ ಬಂದಾಗ ಗೊತ್ತಾಯ್ತು ಅದು ಮೀನಿಂದು ಅಂತ. ನಮ್ಮತ್ತೆ ಇದ್ದಿದ್ರೆ ಮನೆಗೆಲ್ಲ ಪುಣ್ಯಾಹ ಮಾಡಿಸೋರು.”

ಐದನೆಯ ಗುಳಿ ಖಾಲಿಯಾಗಿತ್ತು. ಪೂರ್ತಿ ಖಾಲಿಯಲ್ಲ. ಚಮಚದ ಬಟ್ಟಲು ಕೂರುವ ಕಡೆ ಏನೋ ಹಳದಿ ಚೂರುಗಳಿದ್ದವು. ಓವೆನ್ ಬಗ್ಗಿ ನೋಡಿ, “ಇಲಿ ಇರಬೇಕು ಸಾರ್ಜ್,” ಎಂದ.

ರಜನಿ ಚಿಮಟದಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅಕ್ಕಿ. ಅರಿಸಿನ ಹಚ್ಚಿದ್ದು. ಏಳು ಕಾಳು. ಅವಳ ತಾಯಿ ಅಕ್ಕಿ ಡಬ್ಬಿಯನ್ನು ತೊಳೆಯಲು ಖಾಲಿ ಮಾಡುವಾಗಲೂ ತಳದಲ್ಲಿ ನಾಲ್ಕು ಕಾಳು ಬಿಟ್ಟೇ ತೆಗೆಯುತ್ತಿದ್ದಳು. ಬರಿದು ಮಾಡಬಾರದು. ಯಾವುದಾದರೂ ತೆಗೆದರೆ ಆ ಜಾಗದಲ್ಲಿ ಏನಾದರೂ ಇಡಬೇಕು.

“ಇಲಿ ಅಕ್ಷತೆ ಇಟ್ಟು ಹೋಗಲ್ಲ ಓವೆನ್,” ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. “ಕದ್ದವರು ನಮ್ಮವರು. ಕದ್ದು ಅಭ್ಯಾಸ ಇಲ್ಲದವರು. ಬಹುಶಃ ಹೆಂಗಸು.”

ಕೊನೆಯ ಮಾತು ತಪ್ಪೆಂದು ತಿಳಿಯಲು ಅವಳಿಗೆ ಎರಡು ದಿನ ಬೇಕಾಯಿತು.

ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿತ್ತು. ಅದರಲ್ಲಿ ಹೆಸರುಗಳ ಪಟ್ಟಿ.

“ಇದೇನ್ರೀ?”

“ಮಾಧವನ ಅನ್ನಪ್ರಾಶನಕ್ಕೆ ಊರಿಂದ ಬೆಳ್ಳಿ ಬಟ್ಟಲು ಬರಬೇಕಿತ್ತು, ಬರ್ಲಿಲ್ಲ. ನಮ್ಮ ಯಜಮಾನ್ರು ಪೋರ್ಟೊಬೆಲ್ಲೊ ಸಂತೆಗೆ ಹೋಗಿ ಈ ಪೆಟ್ಟಿಗೆ ತಂದ್ರು. ಹಣ್ಣುಹಣ್ಣಿನ ಕೆತ್ತನೆ ಇರೋ ಚಮಚದಲ್ಲಿ ಪಾಯಸ ತಿನ್ನಿಸಿದ್ವಿ. ಆಮೇಲೆ ಇಲ್ಲಿ ಯಾರ ಮನೆಯಲ್ಲಿ ಮಗು ಆದ್ರೂ, ಡಾಕ್ಟ್ರ ಮನೆ ಚಮಚ ಕೊಡಿ ಅಂತ ಬರೋರು. ಮೂವತ್ತೊಂದು ಮಕ್ಕಳು.” ಕಲ್ಯಾಣಿಯವರ ಬೆರಳು ಪಟ್ಟಿಯ ಮೇಲೆ ಇಳಿಯಿತು. “ಇವನು ಈಗ ಸಾಲಿಸಿಟರ್. ಇವಳಿಗೇ ಎರಡು ಮಕ್ಕಳು. ಯಶಸ್ ಅಂತ ಇವನು, ಚಮಚ ಬಿಡದೆ ಅತ್ತೋನು.” ಬೆರಳು ಇಪ್ಪತ್ತೆಂಟನೆಯ ಹೆಸರನ್ನು ಮುಟ್ಟದೆ ದಾಟಿ ಇಪ್ಪತ್ತೊಂಬತ್ತಕ್ಕೆ ಹೋಯಿತು.

ರಜನಿ ಅದನ್ನು ನೋಡಿದಳು. ಆಗ ಕೇಳಲಿಲ್ಲ.

“ನಿನ್ನೆ ಮನೆಗೆ ಯಾರಾರು ಬಂದಿದ್ರು?”

“ವೇದವತಿ ಐದಕ್ಕೆ ಹೋದ್ಲು. ಆರಕ್ಕೆ ಲಲಿತಾ ಸಹಸ್ರನಾಮಕ್ಕೆ ಹನ್ನೆರಡು ಜನ ಹೆಂಗಸರು. ಪ್ರತಿ ಮಂಗಳವಾರ ಬರ್ತಾರೆ. ಮುಂದಿನ ಕೋಣೆಯಲ್ಲಿ ಕೂತು ಹೇಳಿ, ಮಂಗಳಾರತಿ ಮಾಡಿ, ಏಳೂವರೆಗೆ ಹೊರಟ್ರು.”

“ಬೇರೆ ಯಾರೂ?”

“ಇನ್ಯಾರು ಬರ್ತಾರೆ?”

ಮಾಧವ ಬಾಗಿಲಲ್ಲಿ ನಿಂತಿದ್ದರು. “ಇವತ್ತು ಬೆಳಿಗ್ಗೆ ರಿಪೇರಿಯವರು ಇದನ್ನ ತಗೊಂಡು ಹೋಗೋದಿತ್ತು. ಮನೆ ಬಿಡ್ತಿರೋದ್ರಿಂದ ಹರಾಜಿಗೆ ಹಾಕ್ತಿದೀವಿ, ಅದಕ್ಕೆ ಮುಂಚೆ ಸರಿ ಮಾಡಿಸೋಕೆ. ಅದು ವೇದವತಿಗೂ ಗೊತ್ತಿತ್ತು.”

“ಎಲ್ಲರಿಗೂ ಗೊತ್ತಿತ್ತು ಕಣೋ,” ಎಂದರು ತಾಯಿ. “ಪ್ರಸಾದ ಕೊಡೋವಾಗ ನಾನೇ ಹೇಳ್ದೆ.”

ಸಂಜೆ ನಾಲ್ಕು ಹತ್ತಕ್ಕೆ ವೇದವತಿ ಠಾಣೆಗೆ ಬಂದಳು. ಹಾಸನದ ಕಡೆಯವಳು, ಮೂವತ್ತೊಂಬತ್ತು ವರ್ಷ. ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಳು. ಏಜೆನ್ಸಿಯವರು ಆಗಲೇ ಫೋನ್ ಮಾಡಿದ್ದರು. ತನಿಖೆ ಮುಗಿಯುವವರೆಗೆ ಯಾರ ಮನೆಗೂ ಹೋಗುವಂತಿಲ್ಲ. ಅವಳ ವೀಸಾ ಆ ಏಜೆನ್ಸಿಯ ಕೆಲಸದ ಮೇಲೆಯೇ ನಿಂತಿತ್ತು. ಕೆಲಸ ಹೋದರೆ ಅವಳೂ, ಇಲ್ಲಿನ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿರುವ ಮಗಳೂ ದೇಶ ಬಿಡಬೇಕು.

“ಚಮಚ ಕೊನೇಗೆ ಯಾವಾಗ ನೋಡಿದ್ರಿ?”

“ನಿನ್ನೆ ಮಧ್ಯಾಹ್ನ ಮೇಡಂ. ಧೂಳು ಹೊಡೆಯೋವಾಗ.”

“ಅದನ್ನ ಕೈಯಾಗ ಹಿಡಿದೀರೇನು?”

ವೇದವತಿ ಕೈಚೀಲದ ಜಿಪ್ ಎಳೆದು ಮತ್ತೆ ಮುಚ್ಚಿದಳು.

“ಹೇಳಿದ್ರೆ ನಂಬ್ತೀರೋ ಇಲ್ವೋ. ಬುಧವಾರ ಬುಧವಾರ ಬೆಳಿಗ್ಗೆ ನಾನು ಹೋದಾಗ ಅದು ಪೆಟ್ಟಿಗೇಲಿ ಇರ್ತಿರಲಿಲ್ಲ. ಮೇಜಿನ ಮೇಲೆ ಇರ್ತಿತ್ತು. ಕಿಟಕಿ ಕಡೆ ಕುರ್ಚಿ ಇದೆಯಲ್ಲ, ಅದರ ಮುಂದೆ. ಯಾರೋ ಊಟಕ್ಕೆ ಕೂರ್ತಾರೆ ಅನ್ನೋ ಹಾಗೆ. ಪೆಟ್ಟಿಗೆ ಮುಚ್ಚಳ ತೆರೆದೇ ಇರೋದು. ಬಟ್ಟಲೊಳಗೆ ಬೆರಳು ಒತ್ತಿದ ಕಲೆ. ಒಂದೇ ಬೆರಳು, ಒಂದೇ ಜಾಗ.”

“ಏನ್ ಮಾಡಿದ್ರಿ?”

“ಒರೆಸಿ ಒಳಗಿಡ್ತಿದ್ದೆ. ಆ ಕುರ್ಚಿ ತೀರಿಹೋದ ಡಾಕ್ಟ್ರದು. ಅಮ್ಮನೋರು ಹೆದರಿಕೊಂಡಾರು ಅಂತ ಹೇಳ್ಲಿಲ್ಲ.”

“ನಿಮಗ ಅಂಜಿಕಿ ಆಗ್ಲಿಲ್ಲ?”

“ಮೊದಮೊದಲು ಆಯ್ತು. ಆಮೇಲೆ, ಪಾಪ, ಯಾರೋ ಹಸಿದಿದ್ದಾರೆ ಅನ್ನಿಸ್ತು.”

ರಜನಿ ಆ ಮಾತನ್ನು ಹೇಳಿಕೆಯಲ್ಲಿ ಹಾಗೆಯೇ ಬರೆದುಕೊಂಡಳು. ಆಮೇಲೆ ಕಲ್ಯಾಣಿಯವರಿಗೆ ಫೋನ್ ಮಾಡಿ ಈ ವಿಷಯ ಕೇಳಿದಳು.

“ನಾನೂ ಎರಡು ಸಲ ಕಂಡಿದ್ದೆ. ವೇದವತಿ ಬರೋಕೆ ಮುಂಚೆ ಎತ್ತಿಟ್ಟೆ. ಅವರೇ ಅಂದ್ಕೊಂಡೆ. ಮಾಧವನಿಗೆ ಹೇಳಿದ್ರೆ ನನ್ನ ತಲೆ ಕೆಟ್ಟಿದೆ ಅಂತ ಜಿಪಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾನೆ.”

ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹೆದರಿಸಬಾರದೆಂದು ಒಂದೇ ದೆವ್ವವನ್ನು ಬಚ್ಚಿಟ್ಟಿದ್ದರು. ಮಂಗಳವಾರ ಸಂಜೆಗೂ ಬುಧವಾರ ಬೆಳಿಗ್ಗೆಗೂ ನಡುವೆ ಯಾರೋ ಆ ಚಮಚವನ್ನು ತೆಗೆದು ನೋಡುತ್ತಿದ್ದರು ಎಂಬುದು ಮಾತ್ರ ಈಗ ಖಚಿತವಾಯಿತು.

ಗುರುವಾರ, ಫೆಬ್ರವರಿ ೮, ಬೆಳಿಗ್ಗೆ ಹತ್ತು ಗಂಟೆ. ಬೆಳ್ಳಿ ರಿಪೇರಿಯ ಮುದುಕನ ಕಾರ್ಯಾಗಾರ ಕ್ಲರ್ಕೆನ್‌ವೆಲ್‌ನ ಒಂದು ನೆಲಮಾಳಿಗೆಯಲ್ಲಿತ್ತು. ಗೋಡೆಯ ತುಂಬ ಸಣ್ಣ ಸುತ್ತಿಗೆಗಳು. ಅವನು ಜನವರಿಯಲ್ಲಿ ಕೆಂಟನ್‌ಗೆ ಹೋಗಿ ಐದೂ ಸಾಮಾನಿನ ಫೋಟೊ ತೆಗೆದು ವರದಿ ಬರೆದಿದ್ದ. ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದ. ಉದ್ದ ಹಿಡಿಯ ಚಮಚ. ಬಂಗಾರದ ನೀರು ಕೊಟ್ಟ ಬಟ್ಟಲಿನಲ್ಲಿ ಪೇರಲೆಯಂಥ ಹಣ್ಣು, ಸ್ಟ್ರಾಬೆರಿ, ದ್ರಾಕ್ಷಿ ಗೊಂಚಲು.

“ಹುಟ್ಟಿದಾಗ ಇದು ಸಾದಾ ಚಮಚ,” ಎಂದ ಮುದುಕ. “ಸಾವಿರದ ಏಳುನೂರ ತೊಂಬತ್ತರ ಸುಮಾರು. ನೂರು ವರ್ಷ ಆದ ಮೇಲೆ ಯಾರೋ ಹಣ್ಣು ಉಬ್ಬಿಸಿ, ಬಂಗಾರ ಹಚ್ಚಿಸಿದರು. ಅದಕ್ಕೆ ಅಲಂಕಾರ ಅಂತೀವಿ. ಆಮೇಲೆ ಬಿದ್ದ ಗುರುತಿಗೆಲ್ಲ ಹಾನಿ ಅಂತೀವಿ.”

ವರದಿಯಲ್ಲಿ ‘ಹಾನಿ’ ಎಂಬ ತಲೆಬರಹದ ಕೆಳಗೆ ಒಂದೇ ಸಾಲಿತ್ತು: ಬಟ್ಟಲಿನ ಅಂಚಿನ ಬಳಿ ಚಿಕ್ಕ ತಗ್ಗು, ಬಡಿದು ಸಮ ಮಾಡುವುದು.

“ಎಲ್ಲಿದೆ?”

ಅವನ ಉಗುರು ದ್ರಾಕ್ಷಿ ಗೊಂಚಲಿನ ಪಕ್ಕಕ್ಕೆ ಹೋಯಿತು. “ಹಣ್ಣೆಲ್ಲ ಮೇಲಕ್ಕೆ ಉಬ್ಬಿದೆ. ಇದು ಕೆಳಕ್ಕೆ ಇಳಿದಿದೆ. ಹಲ್ಲು. ಮಗುವಿನದು. ಅಲ್ಲಿ ಬೆಳ್ಳಿ ತೆಳ್ಳಗಿದೆ. ಇಂಥವು ನೂರಾರು ಸರಿ ಮಾಡಿದ್ದೇನೆ. ಐದು ನಿಮಿಷದ ಕೆಲಸ, ಆಮೇಲೆ ಗೊತ್ತೇ ಆಗುವುದಿಲ್ಲ.”

ರಜನಿ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು. ಚಮಚ ಹೋದದ್ದು ರಿಪೇರಿಯ ಹಿಂದಿನ ಸಂಜೆ, ರಿಪೇರಿಯಲ್ಲಿ ಅಳಿಯಲಿದ್ದದ್ದು ಈ ಗುರುತೊಂದೇ. ಅವಳ ಮಗನಿಗೂ ಮೊದಲು ಬಂದದ್ದು ಕೆಳಗಿನ ಎರಡು ಹಲ್ಲು. ಹೆಚ್ಚಿನ ಮಕ್ಕಳಿಗೆ ಹಾಗೆಯೇ. ಕೆಳಗಿನ ಹಲ್ಲು ಕಚ್ಚಿದರೆ ಗುರುತು ಚಮಚದ ಹೊಟ್ಟೆಯಡಿಗೆ ಬೀಳುತ್ತದೆ.

“ಅಡಿಯಲ್ಲಿ ಗುರುತಿತ್ತೇ?”

“ಇಲ್ಲ. ಒಳಗೆ ಮಾತ್ರ. ಒಂದೇ ಒಂದು.”

ಹೊರಗೆ ಬಂದು, ರಸ್ತೆಯ ಗಲಾಟೆಗೆ ಒಂದು ಕಿವಿ ಮುಚ್ಚಿಕೊಂಡು ಅವಳು ಕಲ್ಯಾಣಿಯವರಿಗೆ ಫೋನ್ ಮಾಡಿದಳು.

“ಅಮ್ಮಾ, ನಿಮ್ಮ ಮೂವತ್ತೊಂದು ಮಕ್ಕಳೊಳಗ ಮ್ಯಾಲಿನ ಹಲ್ಲು ಮೊದಲು ಬಂದಿದ್ದು ಯಾವ ಕೂಸಿಗೆ?”

ಬೇರೆ ಯಾರಾದರೂ ಈ ಪ್ರಶ್ನೆಗೆ ನಕ್ಕುಬಿಡುತ್ತಿದ್ದರು. ಯಾವ ಮಗುವಿನ ಯಾವ ಹಲ್ಲು ಮೊದಲು ಬಂತೆಂದು ಯಾರು ನೆನಪಿಡುತ್ತಾರೆ? ಆದರೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುವ ಮನೆಗಳಲ್ಲಿ ಅದನ್ನು ಯಾರೂ ಮರೆಯುವುದಿಲ್ಲ.

“ಧೃತಿ,” ಎಂದರು ಕಲ್ಯಾಣಿ. ಆ ಹೆಸರನ್ನು ಅವರು ಬಹಳ ದಿನದಿಂದ ಬಾಯಲ್ಲಿ ಆಡಿರಲಿಲ್ಲವೆಂದು ದನಿಯಲ್ಲೇ ತಿಳಿಯಿತು. “ಸಿರಿಶಾ ಮಗಳು. ಅನ್ನಪ್ರಾಶನದ ದಿನ ಒಂದೇ ಹಲ್ಲು, ಮೇಲ್ಗಡೆ. ಎಲ್ಲಾರೂ ನಗ್ತಿದ್ರು. ಹದಿನಾಲ್ಕು ತಿಂಗಳಿಗೆ ಹೋಯ್ತಮ್ಮ, ಮಿದುಳು ಜ್ವರ. ಎರಡೇ ದಿನ. ನಾವು ಇಬ್ಬರು ಡಾಕ್ಟರು ಆಸ್ಪತ್ರೆ ಕಾರಿಡಾರಲ್ಲೇ ನಿಂತಿದ್ವಿ, ಏನೂ ಮಾಡೋಕಾಗ್ಲಿಲ್ಲ. ಏಳು ವರ್ಷ ಆಯ್ತು ಈ ತಿಂಗಳಿಗೆ.”

ಪಟ್ಟಿಯ ಇಪ್ಪತ್ತೆಂಟನೆಯ ಹೆಸರು.

“ಸಿರಿಶಾ ಮಂಗಳವಾರ ಬರ್ತಾರೇನು?”

“ಒಂದು ವಾರಾನೂ ತಪ್ಪಿಸಲ್ಲ.”

ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ರಜನಿ ಮತ್ತು ಓವೆನ್ ವೆಂಬ್ಲಿಯಲ್ಲಿ ಸ್ಟೇಡಿಯಂ ಬಳಿಯ ಫ್ಲ್ಯಾಟೊಂದರ ಏಳನೇ ಮಹಡಿಗೆ ಲಿಫ್ಟಿನಲ್ಲಿ ಹೋದರು. ಸಿರಿಶಾಗೆ ಮೂವತ್ತೆಂಟು ವರ್ಷ, ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಲ್ಯಾಪ್‌ಟಾಪ್ ಮುಚ್ಚಿ ಅವರೆದುರು ಕೂತಳು. ಕೋಣೆಯಲ್ಲಿ ಮಗುವಿನ ಫೋಟೊ ಒಂದೂ ಇರಲಿಲ್ಲ.

“ಡಾಕ್ಟರ್ ಮನಿ ಚಮಚ ಕಳುವಾಗೇದ. ಗೊತ್ತದನು?”

“ವಾಟ್ಸಾಪ್ ಗ್ರೂಪಲ್ಲಿ ನೋಡ್ದೆ.”

“ನೀವು ತಗೊಂಡೀರೇನು?”

ಸಿರಿಶಾ ಸಿಟ್ಟಾಗಲಿಲ್ಲ. “ನಾನು ಆ ಚಮಚ ಏಳು ವರ್ಷದಿಂದ ನೋಡಿಲ್ಲ. ಇರೋ ಕೋಣೆಗೇ ಹೋಗಲ್ಲ. ಸಹಸ್ರನಾಮ ಮುಗಿದ್ರೆ ಎಲ್ಲಾರೂ ಅಲ್ಲಿ ಹೋಗಿ ಕಾಫಿ ಕುಡೀತಾರೆ, ನಾನು ಹಾಲ್‌ನಲ್ಲೇ ಚಪ್ಪಲಿ ಹಾಕ್ಕೊಂಡು ನಿಂತಿರ್ತೀನಿ. ಯಾರನ್ನ ಬೇಕಾದ್ರೂ ಕೇಳಿ.”

“ಅದರಾಗ ಒಂದು ಗುರುತು ಅದ, ಗೊತ್ತೇನು?”

“ಯಾವ ಗುರುತು?”

ಆ ಮುಖದಲ್ಲಿ ಸುಳ್ಳಿರಲಿಲ್ಲ. ರಜನಿ ಮುಂದೆ ಹೇಳದೆ ಮಾತು ತಿರುಗಿಸಿದಳು. “ಕೆಂಟನ್‌ಗೆ ಹೆಂಗ ಹೋಗ್ತೀರಿ? ಟ್ಯೂಬಿನ್ಯಾಗ?”

“ಇಲ್ಲ, ನನ್ನ ತಮ್ಮ ಶಮಂತ್ ಬಿಡ್ತಾನೆ. ಅವನ ಶಿಫ್ಟು ಮುಗಿದಿರತ್ತೆ. ನಾನು ಬರೋವರ್ಗೂ ಊಟದ ಕೋಣೆಯಲ್ಲಿ ಕಾಫಿ ಕುಡೀತಾ ಕೂತಿ…”

ಅವಳ ಮಾತು ಅಲ್ಲಿಗೆ ನಿಂತಿತು. ಕೈ ತಾನಾಗಿ ಬಾಯಿಗೆ ಹೋಯಿತು.

ಓವೆನ್‌ಗೆ ಒಂದು ಮಾತೂ ಅರ್ಥವಾಗಿರಲಿಲ್ಲ. ಆದರೂ ಅವನು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ.

ಹನ್ನೆರಡು ಹೆಂಗಸರ ಹೆಸರನ್ನು ಕಲ್ಯಾಣಿ ತಪ್ಪದೆ ಹೇಳಿದ್ದರು. ಕರೆದುಕೊಂಡು ಬಂದವನನ್ನು ಅವರು ಬಂದವರಲ್ಲಿ ಸೇರಿಸಿರಲಿಲ್ಲ. ಯಾವ ಮನೆಯಲ್ಲೂ ಸೇರಿಸುವುದಿಲ್ಲ. ಅಕ್ಷತೆ ಇಟ್ಟದ್ದು ಹೆಂಗಸೇ ಎಂದು ರಜನಿಯೂ ಅಂದುಕೊಂಡಿದ್ದಳು. ಅಡುಗೆಮನೆಯಲ್ಲಿ ಅಮ್ಮನ ಹಿಂದೆ ನಿಂತು ಎಲ್ಲವನ್ನೂ ನೋಡುತ್ತ ಬೆಳೆದ ಗಂಡುಮಕ್ಕಳೂ ಇರುತ್ತಾರೆಂದು ಅವಳಿಗೆ ಹೊಳೆದಿರಲಿಲ್ಲ.

“ಅಮ್ಮ ಬೆಂಗಳೂರಿಂದ ಫೋನ್ ಮಾಡಿ ಒಂದೇ ಹಟ,” ಎಂದಳು ಸಿರಿಶಾ ನಿಧಾನವಾಗಿ. “ಮೇಲಿನ ಹಲ್ಲು, ಮಾವನಿಗೆ ಆಗಲ್ಲ, ಶಾಂತಿ ಮಾಡ್ಸಿ ಅಂತ. ಮಾವ ಎಣ್ಣೆ ಬಟ್ಟಲಲ್ಲಿ ಮಗು ಮುಖ ನೋಡ್ಬೇಕು. ಶಮಂತ್ ನಗ್ತಾ ನೋಡ್ದ. ಅದರ ಮೇಲೆ ಅದೇ ಚಮಚದಲ್ಲಿ ಪಾಯಸ. ಅಷ್ಟೇ. ಮಗು ಹೋದ್ಮೇಲೆ ಅವನು ಅದರ ಮಾತೇ ಆಡಿಲ್ಲ. ಮದುವೆ ಬೇಡ ಅಂದ. ಊರಿಗೂ ಹೋಗಲ್ಲ.”

ಅದೇ ದಿನ ಮಧ್ಯಾಹ್ನ ಎರಡಕ್ಕೆ ಅವರು ಪಾರ್ಕ್ ರಾಯಲ್‌ನ ಕರಿದ ತಿಂಡಿಗಳ ಕಾರ್ಖಾನೆಯೊಂದರ ಗೇಟಿಗೆ ಬಂದರು. ಗಾಳಿಯಲ್ಲೆಲ್ಲ ಕಾದ ಎಣ್ಣೆಯ ವಾಸನೆ. ಮೇಲ್ವಿಚಾರಕ ಉದಯಶಂಕರ್ ಎಂಬವರು ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಕರೆದೊಯ್ದರು.

“ಒಳ್ಳೆ ಹುಡುಗ ಮೇಡಂ. ಕೆಲಸಕ್ಕೆ ಸೇರಿದ್ದು ಕರಿಯೋ ವಿಭಾಗಕ್ಕೆ ಎಂಜಿನಿಯರ್ ಆಗಿ. ಏಳು ವರ್ಷದ ಹಿಂದೆ ತಾನೇ ಕೇಳಿ ಈ ಕಡೆ ಬಂದ. ಇಲ್ಲಿ ಕೆಳಗಿನ ಕೆಲಸ. ಎಣ್ಣೆ ತೊಟ್ಟಿ ಹತ್ರ ಮಾತ್ರ ಬೇಡ ಸಾರ್ ಅಂದ. ಅದು ಕಾಯೋಕೆ ಮುಂಚೆ ಅಲುಗಾಡದೆ ನಿಂತಿರತ್ತಲ್ಲ, ಅದನ್ನ ನೋಡೋಕಾಗಲ್ಲ ಅಂದ.”

ಶಮಂತ್‌ಗೆ ಮೂವತ್ತಮೂರು ವರ್ಷ. ಕೂದಲ ಮೇಲೆ ನೀಲಿ ಬಲೆಯ ಟೋಪಿ. ಪೊಲೀಸರನ್ನು ಕಂಡು ಅವನು ಓಡಲಿಲ್ಲ, ಗಾಬರಿಯನ್ನೂ ಪಡಲಿಲ್ಲ. ಕ್ಯಾಂಟೀನಿನ ಮೂಲೆಯ ಮೇಜಿಗೆ ಬಂದು ಕೂತ.

“ಮಂಗಳವಾರ ಸಂಜೆ ಎಲ್ಲಿದ್ರಿ?”

“ಅಕ್ಕನ್ನ ಬಿಡೋಕೆ ಹೋಗಿದ್ದೆ.”

“ಒಳಗ ಕೂತಿದ್ರೇನು?”

ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ.

“ವೇದವತಿ ಅನ್ನೋರು ಗೊತ್ತೇನು ನಿಮಗ?”

“ಡಾಕ್ಟ್ರಮ್ಮನ್ನ ನೋಡ್ಕೊಳೋರು. ಯಾಕೆ?”

“ಕಳವು ಅವರ ಮ್ಯಾಲೆ ಬಂದದ. ಕೆಲಸ ನಿಂತದ. ಸೋಮವಾರದೊಳಗ ತಿಳೀಲಿಲ್ಲ ಅಂದ್ರ ಏಜೆನ್ಸಿ ಅವರನ್ನ ತಗೀತದ. ಮಗಳ ಸಾಲಿನೂ ಹೋಗ್ತದ.”

ಶಮಂತ್ ತಲೆಯೆತ್ತಿದ. “ಅವರಿಗ್ಯಾಕೆ? ಅವರೇನ್ ಮಾಡಿದ್ರು?” ಮುಂದಿನ ಪ್ರಶ್ನೆಗೆ ಅವನು ಕಾಯಲಿಲ್ಲ. ಬಿಳಿ ಕೋಟಿನ ಗುಂಡಿ ಬಿಚ್ಚಿ, ಒಳಗಿನ ಜಾಕೆಟ್ಟಿನ ಎದೆಯ ಕಿಸೆಯಿಂದ ಮೆತ್ತನೆಯ ಹಳೇ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು ಮೇಜಿನ ಮೇಲಿಟ್ಟ. “ಇಷ್ಟು ಹೊತ್ತಿಗೆ ಯಾರಾದ್ರೂ ನನ್ನ ಹತ್ರ ಬರ್ತಾರೆ ಅಂದ್ಕೊಂಡಿದ್ದೆ. ಬೇರೆಯವರ ಹತ್ರ ಹೋಗ್ತಾರೆ ಅಂತ ಗೊತ್ತಿರ್ಲಿಲ್ಲ.”

ಎರಡು ಇಪ್ಪತ್ತಾರಕ್ಕೆ ರಜನಿ ಅವನನ್ನು ಬಂಧಿಸಿದಳು. ಏನನ್ನೂ ಹೇಳಬೇಕಾಗಿಲ್ಲ, ಹೇಳಿದ್ದು ಸಾಕ್ಷ್ಯವಾಗಬಹುದು ಎಂಬ ಕಾನೂನಿನ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ, ನಿಯಮವಿಲ್ಲದಿದ್ದರೂ, ಕನ್ನಡದಲ್ಲಿ ಹೇಳಿದಳು.

ಠಾಣೆಯಲ್ಲಿ ಕನ್ನಡ ಬಲ್ಲ ವಕೀಲರ ಎದುರು ಅವನ ಹೇಳಿಕೆ ಹನ್ನೆರಡು ನಿಮಿಷದಲ್ಲಿ ಮುಗಿಯಿತು.

“ಕೇಳಿ ಇಸ್ಕೋಬಹುದಿತ್ತಲ್ಲ?”

“ಕೇಳಿದ್ರೆ ಯಾಕೆ ಅಂತ ಹೇಳ್ಬೇಕಾಗ್ತಿತ್ತು. ಹೇಳಿದ್ರೆ ಅಕ್ಕನಿಗೆ ಹೋಗ್ತಿತ್ತು. ಅವಳಿಗೆ ಆ ಗುರುತಿದೆ ಅಂತಾನೇ ಗೊತ್ತಿಲ್ಲ. ಸಮ ಮಾಡಿಸ್ತಾರೆ ಅಂತ ಮಂಗಳವಾರ ಪ್ರಸಾದ ಕೊಡೋವಾಗ ಕೇಳಿಸ್ತು. ಎಲ್ಲಾರೂ ಕೋಟು ಹಾಕ್ಕೊಳ್ತಿದ್ರು. ಕಾಫಿ ಲೋಟ ಇಟ್ಟು ಬರ್ತೀನಿ ಅಂತ ವಾಪಸ್ ಹೋದೆ.”

“ಹಿಂದಿನ ವಾರಗಳಾಗೂ ನೀವೇ ಹೊರಗ ಇಡ್ತಿದ್ದಿರೇನು?”

“ಹೌದು. ಎಲ್ಲಾರೂ ಕಾಫಿ ಕುಡಿದು ಆಚೆ ಹೋದ್ಮೇಲೆ, ಹೊರಡೋಕೆ ಮುಂಚೆ ಒಂದು ನಿಮಿಷ ನೋಡ್ತಿದ್ದೆ.”

“ತಿರುಗಿ ಪೆಟ್ಟಿಗ್ಯಾಗ ಯಾಕ ಇಡ್ಲಿಲ್ಲ?”

ಅವನು ಕೈಗಳನ್ನು ನೋಡಿಕೊಂಡ. “ಇಡ್ತಿದ್ದೆ. ಮುಚ್ಚಳ ಹಾಕೋಕಾಗ್ತಿರ್ಲಿಲ್ಲ. ಅಷ್ಟು ಚಿಕ್ಕ ಪೆಟ್ಟಿಗೆ ನಾನೊಂದು ಸಲ ಮುಚ್ಚಿದೀನಿ. ಅದಕ್ಕೆ ಮತ್ತೆ ತೆಗೆದು ಮೇಜಿನ ಮೇಲೆ ಬಿಟ್ಟು ಬರ್ತಿದ್ದೆ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು.

“ಆ ಶಾಂತಿ ಗೀಂತಿ ನಾನು ನಂಬಲ್ಲ ಮೇಡಂ. ಅವತ್ತೂ ನಂಬಿರ್ಲಿಲ್ಲ. ಎಣ್ಣೆಯಲ್ಲಿ ಅವಳ ಮುಖ ಕಂಡಿತು, ಒಂದು ಹಲ್ಲು ಬಿಟ್ಕೊಂಡು ನಗ್ತಿದ್ಲು. ಕೇಡು ಬಂದಿದ್ರೆ ನನಗೆ ಬರ್ಬೇಕಿತ್ತು. ನಾನು ಅದನ್ನ ದಾಟಿಸ್ಬಿಟ್ಟೆ ಅನ್ಸತ್ತೆ. ನಂಬಲ್ಲ. ಆದ್ರೂ ಅನ್ಸತ್ತೆ.”

ಮೂರು ಐವತ್ತಕ್ಕೆ ರಜನಿ ಮೊದಲು ಏಜೆನ್ಸಿಗೆ ಫೋನ್ ಮಾಡಿದಳು. ವೇದವತಿಯ ಮೇಲೆ ಯಾವ ಆರೋಪವೂ ಇಲ್ಲ ಎಂಬುದನ್ನು ಬರಹದಲ್ಲೂ ಕಳಿಸಿದಳು. ಮಾಧವ ಅವರಿಗೆ ಅದರ ಪ್ರತಿ ಹೋಯಿತು. ಅರ್ಧ ಗಂಟೆಯ ನಂತರ ಕಲ್ಯಾಣಿಯವರು ಕರೆ ಮಾಡಿ, ಸೋಮವಾರ ವೇದವತಿಯನ್ನು ಕರೆತರಲು ಮಾಧವನೇ ಕಾರು ತೆಗೆದುಕೊಂಡು ಹೋಗುತ್ತಾನೆಂದೂ ಚಮಚ ಹರಾಜಿಗೆ ಹೋಗುವುದಿಲ್ಲವೆಂದೂ ಹೇಳಿದರು. ಉಳಿದದ್ದು ಕಾನೂನಿನ ದಾರಿ. ಅದು ರಜನಿಯ ಕೈಯಲ್ಲಿರಲಿಲ್ಲ.

ಕೌಂಟರಿನಲ್ಲಿ ಸಿರಿಶಾ ಬಂದು ನಿಂತಿದ್ದಳು. ತಮ್ಮನನ್ನು ನೋಡಲು ಇನ್ನೂ ಹೊತ್ತಾಗುತ್ತದೆ ಎಂದು ಓವೆನ್ ಹೇಳಿದ. ಅವಳು ತಲೆಯಾಡಿಸಿ, ಮೇಜಿನ ಮೇಲೆ ಚಮಚವಿದ್ದ ಪ್ಲಾಸ್ಟಿಕ್ ಚೀಲವನ್ನು ನೋಡಿದಳು. ರಜನಿ ಅದನ್ನು ಅವಳ ಕಡೆಗೆ ಸರಿಸಿದಳು. ಪ್ಲಾಸ್ಟಿಕ್ಕಿನ ಮೇಲಿಂದಲೇ ಸಿರಿಶಾಳ ಕಿರುಬೆರಳು ಹಣ್ಣುಗಳನ್ನು ದಾಟುತ್ತ ದ್ರಾಕ್ಷಿ ಗೊಂಚಲಿನ ಪಕ್ಕಕ್ಕೆ ಬಂದು ನಿಂತಿತು. ತಗ್ಗು ಬೆರಳ ತುದಿಗಿಂತ ಚಿಕ್ಕದಾಗಿತ್ತು. ಅವಳು ಬೆರಳು ತೆಗೆಯುವವರೆಗೆ ಯಾರೂ ಅವಸರ ಮಾಡಲಿಲ್ಲ.

ಆಮೇಲೆ ರಜನಿ ವಶಪಡಿಸಿಕೊಂಡ ವಸ್ತುವಿನ ನಮೂನೆಯನ್ನು ತುಂಬಲು ಕೂತಳು. ವಸ್ತು: ಬಡಿಸುವ ಚಮಚ, ಒಂದು. ಲೋಹ: ಬೆಳ್ಳಿ, ಬಟ್ಟಲಿಗೆ ಬಂಗಾರದ ನೀರು. ಸಿಕ್ಕ ಸ್ಥಳ: ಆರೋಪಿಯ ಎದೆಯ ಕಿಸೆ. ಕೊನೆಯ ಸಾಲು ಹಾನಿಯದು. ಪಕ್ಕದಲ್ಲಿ ಬೆಳ್ಳಿಯ ಮುದುಕನ ವರದಿ ಬಿಡಿಸಿಟ್ಟಿತ್ತು. ರಜನಿ ಅದನ್ನೊಮ್ಮೆ ನೋಡಿ, ಮಡಿಸಿ ಪಕ್ಕಕ್ಕಿಟ್ಟು, ಬರೆದಳು:

ಹಾನಿ: ಇಲ್ಲ.